ವಕ್ತೃವಿನಿಂದ ಸಹಸಂಶೋಧಕನತ್ತ: ನಗರದ ಆರೋಗ್ಯ ಮತ್ತು ಸಮುದಾಯಾಧಾರಿತ ಸಂಶೋಧನೆ

ಜಾನಪದ ಕ್ಷೇತ್ರಕಾರ್ಯದ ಪರಿಭಾಷೆಯಲ್ಲಿ ಹಾಡನ್ನೋ ಕಥೆಯನ್ನೋ ಒದಗಿಸುವವನನ್ನು ‘ವಕ್ತೃ’ ಎಂದು ಕರೆಯುವ ರೂಢಿಯಿದೆ. ಸಂಗ್ರಾಹಕ ಕೇಳುತ್ತಾನೆ, ವಕ್ತೃ ಹೇಳುತ್ತಾನೆ. ಏನನ್ನು ಕೇಳಬೇಕೆಂಬ ನಿರ್ಧಾರ ಮಾತ್ರ ಸಂಗ್ರಾಹಕನದಾಗಿಯೇ ಉಳಿಯುತ್ತದೆ. ಸಮುದಾಯಾಧಾರಿತ ಸಂಶೋಧನೆ ಪ್ರಶ್ನಿಸುವುದು ಈ ಏರ್ಪಾಟನ್ನೇ. ಅಧ್ಯಯನಕ್ಕೆ ಒಳಗಾಗುವವರು ಪ್ರಶ್ನೆಗಳನ್ನು ರೂಪಿಸುವುದರಲ್ಲಿಯೂ ಪಾಲುದಾರರಾಗಬೇಕೆಂಬುದು ಅದರ ನಿಲುವು.

ನೆರೆಯ ಆಂಧ್ರಪ್ರದೇಶದಲ್ಲಿ ಈ ನಿಲುವಿನ ಪ್ರಯೋಗವೊಂದು ನಡೆದಿದೆ. ಬಾಂಗ್ಲಾದೇಶ, ಭಾರತ, ಕೀನ್ಯಾ, ಸಿಯೆರಾ ಲಿಯೋನ್‌ಗಳ ಅನೌಪಚಾರಿಕ ವಸತಿಗಳಲ್ಲಿ ಆರೋಗ್ಯ ಮತ್ತು ಸಮತೆಯನ್ನು ಅಭ್ಯಸಿಸಲು 2019ರಲ್ಲಿ ಆರಂಭವಾದ ‘ಅರೈಸ್’ ಯೋಜನೆಯ ಅಂಗವಾಗಿ, ಜಾರ್ಜ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ವಿಶಾಖಪಟ್ಟಣ, ವಿಜಯವಾಡ, ಗುಂಟೂರುಗಳಲ್ಲಿ ಚಿಂದಿ ಆಯುವವರ ನಡುವೆ ಕೆಲಸ ಮಾಡಿತು. ವಸತಿಯ ನಿವಾಸಿಗಳೇ ಸಹಸಂಶೋಧಕರಾದುದು ಇಲ್ಲಿನ ವಿಶೇಷ.

ಈ ನಗರಗಳ ಆಯ್ಕೆ ಅರ್ಥಪೂರ್ಣವಾದುದು. 1933ರಲ್ಲಿ ತೆರೆದ ಬಂದರು ಮತ್ತು ಅನಂತರದ ಉಕ್ಕಿನ ಕಾರ್ಖಾನೆಯಿಂದ ಬೆಳೆದ ವಿಶಾಖಪಟ್ಟಣವನ್ನು 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿತು. ಅದೇ ವರ್ಷದ ರಾಜ್ಯ ವಿಭಜನೆಯ ಬಳಿಕ, ಅಮರಾವತಿಯ ನೆರೆಯ ವಿಜಯವಾಡದಲ್ಲಿ ನೆಲದ ಬೆಲೆ ಏರಿತು. ಅಲ್ಲಿನ ಬಡವರ ಮನೆಗಳು ಬಹುಮಟ್ಟಿಗೆ ಕಾಲುವೆಯ ದಂಡೆ ಮತ್ತು ಗುಡ್ಡದ ಇಳಿಜಾರುಗಳಲ್ಲಿವೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿದಾಗ ಸಿಂಗ್‌ನಗರದಂತಹ ತಗ್ಗುಪ್ರದೇಶಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನಗರದ ಬೆಳವಣಿಗೆಯ ಫಲ ಮತ್ತು ಅಪಾಯಗಳು ಒಂದೇ ಕೈಗೆ ಸೇರುವುದಿಲ್ಲ.

ಸಾಂಪ್ರದಾಯಿಕ ಸಮೀಕ್ಷೆಯ ಮಿತಿ ಎಲ್ಲಿದೆ? ‘ಉದ್ಯೋಗ’ ಎಂಬ ಅಂಕಣಕ್ಕೆ ಚಿಂದಿ ಆಯುವ ಹೆಂಗಸು ‘ಕೂಲಿ’ ಎಂದಷ್ಟೇ ಹೇಳಿದಳೆನ್ನೋಣ. ಆ ಒಂದು ಪದದೊಳಗೆ ಅವಳ ಕೈಗೆ ಚುಚ್ಚಿದ ಸೂಜಿ, ಗಾಜಿನ ಗಾಯ, ಹೊಗೆಯ ಕೆಮ್ಮು ಎಲ್ಲವೂ ಅಡಗಿಹೋಗುತ್ತವೆ. ವೃತ್ತಿಯೇ ದಾಖಲಾಗದಿದ್ದಲ್ಲಿ ವೃತ್ತಿಜನ್ಯ ರೋಗ ದಾಖಲಾಗುವ ಬಗೆ ಯಾವುದು? ಅದೇ ಕಸುಬಿನ ಇನ್ನೊಬ್ಬಳು ಕೇಳಿದರೆ ಪ್ರಶ್ನೆಯೇ ಬೇರೆಯಾಗುತ್ತದೆ: ಯಾವ ರಾಶಿಯಲ್ಲಿ, ಯಾವ ಹೊತ್ತಿನಲ್ಲಿ, ಕೈಗೆ ಏನು ಕಟ್ಟಿಕೊಂಡು? ಇದು ಭಾಷೆಯ ಪ್ರಶ್ನೆಯೂ ಹೌದು. ಆದುದರಿಂದಲೇ ಭಾಷಾವಿಭಾಗಗಳು ಇದನ್ನು ಸಮಾಜವಿಜ್ಞಾನಿಗಳಿಗೇ ಬಿಟ್ಟುಕೊಡುವುದು ಉಚಿತವಲ್ಲ.

ಕನ್ನಡನಾಡಿನ ಅನುಭವವೂ ಇದಕ್ಕೆ ಹೊರತಲ್ಲ. 1898ರ ಬೆಂಗಳೂರಿನ ಪ್ಲೇಗನ್ನು ಸರ್ಕಾರಿ ವರದಿಗಳು ಅಂಕಿಗಳಲ್ಲಿ ಹಿಡಿದಿಟ್ಟವು. ಜನರು ಅದನ್ನು ಪ್ಲೇಗ್ ಮಾರಮ್ಮನ ಗುಡಿಗಳಲ್ಲಿ ನೆನಪಿಟ್ಟುಕೊಂಡರು. ಈ ಎರಡು ದಾಖಲೆಗಳನ್ನು ಜೊತೆಯಾಗಿಟ್ಟು ಓದುವ ಪರಿಪಾಠ ನಮ್ಮ ಸಂಶೋಧನೆಯಲ್ಲಿ ಇನ್ನೂ ವಿರಳ. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡತೊಡಗಿದಾಗ, ಕಸುಬೊಂದಕ್ಕೆ ಕಾಗದದ ಮೇಲೆ ಹೆಸರು ದೊರೆಯಿತು.

ಆದರೂ ಈ ವಿಧಾನವನ್ನು ವಿಮರ್ಶೆಯಿಲ್ಲದೆ ಸ್ವೀಕರಿಸಲಾಗದು. ಸಭೆಯಲ್ಲಿ ಕುಳಿತ ಒಂದು ದಿನವೆಂದರೆ ಚಿಂದಿ ಆಯುವವರಿಗೆ ಒಂದು ದಿನದ ಗಳಿಕೆಯ ನಷ್ಟ. ಆ ನಷ್ಟವನ್ನು ಭರಿಸುವವರು ಯಾರು? ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾದರೆ, ತೆಲುಗಿನಲ್ಲಿ ನುಡಿದ ಸಹಸಂಶೋಧಕಿ ಅದನ್ನು ಓದಿ ‘ಇದು ನಾನು ಹೇಳಿದ್ದಲ್ಲ’ ಎನ್ನುವ ಅವಕಾಶವೆಲ್ಲಿ?