ನಾಯಿಗೆ ಮದ್ದು ಕೊಟ್ಟರೆ ಅರ್ಧ ಕೆಲಸ, ಕೌದಿ ಒಗೆದರೆ ಇನ್ನರ್ಧ

ಪ್ರಶ್ನೆ: ನಮ್ಮದು ಲಕ್ಷ್ಮೇಶ್ವರದ ಹತ್ತಿರ ಹಳ್ಳಿ. ಮನ್ಯಾಗ ಮೂರು ವರ್ಷದ ಮುಧೋಳ ಕ್ರಾಸ್ ನಾಯಿ ಐತಿ. ಮಳಿಗಾಲ ಸುರು ಆದಾಗಿಂದ ಹಗಲೂ ರಾತ್ರಿ ತುರಿಸಿಕೊಳ್ಳಾಕತ್ತೈತಿ. ಬಾಲದ ಬುಡಕ್ಕ, ಹಿಂದಿನ ತೊಡಿಗೆ ಕೂದಲಾ ಉದುರಿ ಗಾಯ ಆಗ್ಯಾವು. ಎರಡು ಸಲ ಇಂಜೆಕ್ಷನ್ ಮಾಡಿಸಿದ್ವಿ. ಸ್ವಲ್ಪ ದಿನ ಕಡಿಮಿ ಆಗಿ ಮತ್ತ ಅದ ಹಾಡು. ಒಬ್ರು ಕುರಿಗೆ ಮಾಡೋ ಇಂಜೆಕ್ಷನ್ ಮಾಡ್ರಿ ಅಂತಾರ, ಇನ್ನೊಬ್ರು ಟ್ರ್ಯಾಕ್ಟರಿನ ಸುಟ್ಟ ಎಣ್ಣಿ ಹಚ್ಚರಿ ಅಂತಾರ. ಅತ್ತಿಯವರು ಹಾಲು ಬಿಡಸರಿ ಅಂದ್ರು, ಅದನ್ನೂ ಬಿಡಿಸಿದ್ವಿ. ಮನ್ಯಾಗ ಸಣ್ಣ ಹುಡುಗ ಅದಾನ, ಅವನಿಗೂ ಹತ್ತತದ, ಕಪ್ಪತಗುಡ್ಡದ ಕಡೆ ಬಿಟ್ಟು ಬರ್ರಿ ಅಂತ ಈಗ ಹಟ ಹಿಡಿದಾರ. ನನಗ ಜೀವ ತಡಿಯವಲ್ದು. ಏನು ಮಾಡ್ಲಿ?

ಉತ್ತರ: ತಂಗೀ, ಮೊದಲು ನಾಯಿಯನ್ನು ಎಲ್ಲಿಯೂ ಬಿಟ್ಟು ಬರಬೇಡಿ. ನೀವು ಬರೆದದ್ದನ್ನು ನೋಡಿದರೆ ಇದು ಹತೋಟಿಗೆ ಬರುವ ಕಾಯಿಲೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ. ಅಲ್ಲಿ ತೋಳಗಳಿವೆ, ಚಿರತೆಗಳಿವೆ. ರೊಟ್ಟಿ ತಿಂದು ಬೆಳೆದ ನಾಯಿ ಅಲ್ಲಿ ಬದುಕುವುದಿಲ್ಲ, ಅದರ ಮೈಮೇಲಿನ ರೋಗ ಕಾಡಿನ ಪ್ರಾಣಿಗಳಿಗೂ ತಗಲಬಹುದು. ಅತ್ತೆಯವರ ಅಂಜಿಕೆ ಸುಳ್ಳಲ್ಲ, ಅದಕ್ಕೂ ಉತ್ತರ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಮಾತು: ಬಾಲದ ಬುಡ, ಮಳೆಗಾಲ. ನಾಯಿ ಎಲ್ಲಿ ತುರಿಸಿಕೊಳ್ಳುತ್ತದೆ ಎನ್ನುವುದೇ ಅರ್ಧ ಪರೀಕ್ಷೆ. ಬಾಲದ ಬುಡ, ಸೊಂಟ, ಹಿಂದೊಡೆ ಎಂದರೆ ಮೊದಲ ಅನುಮಾನ ಚಿಗಟದ ಅಲರ್ಜಿ. ಚಿಗಟ ಕಚ್ಚುವಾಗ ಅದರ ಜೊಲ್ಲು ಚರ್ಮದೊಳಗೆ ಹೋಗುತ್ತದೆ. ಅಲರ್ಜಿ ಇರುವ ನಾಯಿಗೆ ಮೈತುಂಬ ಚಿಗಟ ಬೇಕಿಲ್ಲ, ಕೆಲವೇ ಕಡಿತ ಸಾಕು, ದಿನಗಟ್ಟಲೆ ತುರಿಕೆ ಇರುತ್ತದೆ. ಹಾಗಾಗಿಯೇ "ನಮ್ಮ ನಾಯಿಗೆ ಚಿಗಟ ಇಲ್ಲ" ಎಂದು ಬಹಳ ಜನ ಹೇಳುತ್ತಾರೆ. ನಾಯಿ ಹಲ್ಲಿನಿಂದ ಕಚ್ಚಿ ಕಚ್ಚಿ ಇದ್ದ ಚಿಗಟವನ್ನೂ ನುಂಗಿಬಿಟ್ಟಿರುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಅರಿವೆಯ ಮೇಲೆ ಹಾಕಿ. ಮಣ್ಣಾದರೆ ಕರ್ರಗೇ ಉಳಿಯುತ್ತದೆ. ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಒಳಗಿರುವುದು ನಿಮ್ಮ ನಾಯಿಯದೇ ರಕ್ತ. ಅತ್ತೆಯವರಿಗೂ ಕರೆದು ತೋರಿಸಿ.

ಇಂಜೆಕ್ಷನ್ ಮಾಡಿಸಿದಾಗ ಕಡಿಮೆಯಾಗಿ ಮತ್ತೆ ಬಂತು ಎಂದಿರಿ. ಚೀಟಿ ಇದ್ದರೆ ನೋಡಿ, ಅದು ಸ್ಟೆರಾಯ್ಡ್ ಇರಬಹುದು. ಸ್ಟೆರಾಯ್ಡ್ ಕೆಟ್ಟದ್ದೆಂದಲ್ಲ. ಮೈ ಹರಿದುಕೊಳ್ಳುವ ನಾಯಿಗೆ ನಾಲ್ಕು ದಿನ ನೆಮ್ಮದಿ ಕೊಡುತ್ತದೆ. ಆದರೆ ಅದು ಮೈಯ ಸಿಟ್ಟನ್ನು ತಣಿಸುತ್ತದೆಯೇ ಹೊರತು ಚಿಗಟವನ್ನು ಕೊಲ್ಲುವುದಿಲ್ಲ. ಮತ್ತೆ ಮತ್ತೆ ಕೊಡಿಸಿದರೆ ನಾಯಿ ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುತ್ತದೆ, ಚರ್ಮ ಇನ್ನಷ್ಟು ತೆಳುವಾಗಿ ಕೀವು ಹಿಡಿಯುತ್ತದೆ. ಮೂರನೆಯದನ್ನು ಮಾಡಿಸುವ ಮೊದಲು ಕಾರಣ ಹುಡುಕಿಸಿ.

ಚಿಗಟ ಯಾಕೆ ಹೋಗುವುದಿಲ್ಲ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲರೂ ಸೋಲುವುದು ಇಲ್ಲಿಯೇ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಅವು ನಾಯಿಯ ಮೈಗೆ ಅಂಟಿಕೊಳ್ಳುವುದಿಲ್ಲ, ನಾಯಿ ಮಲಗಿದಲ್ಲಿ ಉದುರುತ್ತವೆ. ನಮ್ಮ ಕಡೆ ನಾಯಿ ಮಲಗುವುದೆಲ್ಲಿ? ಹಳೆ ಕೌದಿಯ ಮೇಲೆ, ಪಡಸಾಲೆಯ ಫರ್ಸಿ ಸಂದಿಯ ಹತ್ತಿರ, ದನ ಕಟ್ಟುವಲ್ಲಿ ಹೊಟ್ಟಿನ ಚೀಲದ ಮೇಲೆ, ಶೇಂಗಾ ಬಳ್ಳಿಯ ಬಣವೆಯ ನೆರಳಿಗೆ. ಮರಿಹುಳ ಬೆಳಕಿಗೆ ಹೆದರಿ ಸಂದಿಗೆ ಇಳಿದು, ಗೂಡು ಕಟ್ಟಿ ಕೂರುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಇರಬಲ್ಲದು. ನಾಯಿಯ ಕಾವು, ಹೆಜ್ಜೆಯ ಅದುರು ತಾಗಿತೋ, ಹೊರಗೆ ಜಿಗಿಯುತ್ತದೆ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದ ಸಣ್ಣ ಪಾಲು ಅಷ್ಟೇ. ಬರೀ ನಾಯಿಗೆ ಮದ್ದು ಹಾಕಿ ಕೌದಿ ಬಿಟ್ಟರೆ ಮನೆಯೇ ಮತ್ತೆ ಮತ್ತೆ ನಾಯಿಗೆ ಚಿಗಟ ಹತ್ತಿಸುತ್ತದೆ. ಕರಿ ಎರೆಯ ಸೀಮೆಯಲ್ಲಿ ಬೇಸಿಗೆಯ ಒಣ ಬಿಸಿಲು ಇವುಗಳನ್ನು ಒಂದಿಷ್ಟು ಸುಡುತ್ತದೆ. ಮುಂಗಾರಿನ ತಂಪು ಬಿದ್ದ ಕೂಡಲೆ ಚಿಗುರುತ್ತವೆ. ನಿಮ್ಮ ನಾಯಿಗೆ ಮಳೆಗಾಲದಲ್ಲೇ ಸುರುವಾದದ್ದು ಇದಕ್ಕೇ ಇರಬೇಕು.

ಆದ್ದರಿಂದ ನಾಯಿಗೂ ಮನೆಗೂ ಒಂದೇ ದಿನ ಕೈಹಚ್ಚಿ. ಕೌದಿ, ಚೀಲ, ಅರಿವೆಯನ್ನು ಕುದಿಯುವಂಥ ನೀರಲ್ಲಿ ನೆನೆಸಿ ಒಗೆದು ಕಡು ಬಿಸಿಲಿಗೆ ಹಾಕಿ, ಇದನ್ನು ವಾರಕ್ಕೊಮ್ಮೆ ಮಾಡಿ. ತೀರ ಹಳೆಯದಾದರೆ ಸುಟ್ಟುಬಿಡಿ. ಸಂದಿಗಳನ್ನು ಕಡ್ಡಿಯಿಂದ ಕೆದರಿ ಗುಡಿಸಿ, ಆ ಕಸವನ್ನೂ ಸುಡಿ. ದನಕುರಿಗೆ ಬಳಸುವ ಡೆಲ್ಟಾಮೆಥ್ರಿನ್‌ನಂಥ ಔಷಧವನ್ನು ನೆಲಕ್ಕೆ ಹೊಡೆಯಬಹುದು, ಆದರೆ ಅಳತೆಯನ್ನು ಪಶು ವೈದ್ಯರಿಂದ ಕೇಳಿಕೊಂಡೇ. ಒಣಗುವ ತನಕ ಹುಡುಗನೂ ನಾಯಿಯೂ ಒಳಗೆ ಬರಬಾರದು. ಮನೆಯಲ್ಲಿ ಬೆಕ್ಕಿದ್ದರೆ ಈ ಜಾತಿಯ ಔಷಧ ಅದಕ್ಕೆ ಪ್ರಾಣಾಪಾಯ, ವೈದ್ಯರಿಗೆ ತಪ್ಪದೆ ಹೇಳಿ.

ನಾಯಿಗೆ ಬಾಯಲ್ಲಿ ಕೊಡುವ ಮಾತ್ರೆಗಳು ಈಗಿವೆ. ಅಫಾಕ್ಸೊಲಾನರ್ ಒಂದು ತಿಂಗಳು, ಫ್ಲೂರಲಾನರ್ 12 ವಾರ ಕೆಲಸ ಮಾಡುತ್ತದೆ. ಬೆಲೆ ಕೇಳಿ ಎದೆ ಝಲ್ಲೆನ್ನಬಹುದು. ಆದರೆ ಪದೇ ಪದೇ ಇಂಜೆಕ್ಷನ್ನು, ಮುಲಾಮಿಗೆ ಹಾಕುವ ದುಡ್ಡು ಕೂಡಿಸಿ ನೋಡಿ. ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಬೇಕು. ತೂಕ ಹಾಕಿಸಿಯೇ ಮಾತ್ರೆ ಕೊಡಿಸಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ, ಗೂಡಿನಲ್ಲಿ ಕೂತವು ಹೊರಬಂದು ಸಾಯುವಷ್ಟು ಕಾಲ ಬೇಕು. ಮನೆಯ ಬೇರೆ ನಾಯಿ, ಬೆಕ್ಕಿಗೂ ಅವುಗಳಿಗೆ ಒಗ್ಗುವ ಮದ್ದು ಆಗಬೇಕು.

ಸುಟ್ಟ ಎಣ್ಣೆ ಬೇಡವೇ ಬೇಡ. ಸೀಮೆಎಣ್ಣೆ, ಫಿನೈಲ್ ಕೂಡ ಬೇಡ. ಗಾಯದೊಳಗೆ ಇಳಿದು ಉರಿಸುತ್ತವೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಕುರಿಗೆ ಮಾಡುವ ಐವರ್‌ಮೆಕ್ಟಿನ್ ನಾಯಿಗೂ ಬಳಸುವ ಔಷಧವೇ. ಆದರೆ ಕುರಿಯ ಲೆಕ್ಕದಲ್ಲಿ ಕಣ್ಣಳತೆಗೆ ಚುಚ್ಚಿದರೆ ನಾಯಿ ತೂರಾಡಿ, ಕಣ್ಣು ಕಾಣದೆ ಬಿದ್ದೀತು. ಕಾಲಿ, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಅದು ಒಗ್ಗುವುದಿಲ್ಲ. ಬೆಟಗೇರಿ, ಮುಂಡರಗಿ ಕಡೆ ಅಂಥ ನಾಯಿ ಸಾಕಿದವರು ಇದನ್ನು ನೆನಪಿಡಿ. ನಾವು ಹಚ್ಚಿಕೊಳ್ಳುವ ಸೋಪೂ ನಾಯಿಗೆ ಬೇಡ. ಅದರ ಚರ್ಮ ನಮ್ಮದಕ್ಕಿಂತ ತೆಳು, ಬೇಗ ಒಣಗಿ ಇನ್ನೂ ತುರಿಸುತ್ತದೆ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂ ಬರೆದುಕೊಟ್ಟರೆ ನೊರೆಯನ್ನು 10 ನಿಮಿಷ ಬಿಟ್ಟು ತೊಳೆಯಿರಿ. ಕೂಡಲೆ ತೊಳೆದರೆ ಪ್ರಯೋಜನವಿಲ್ಲ.

ಹಾಲನ್ನು ಬಿಡಿಸಿ ಎಷ್ಟು ದಿನವಾಯಿತು, ತುರಿಕೆಯಲ್ಲಿ ವ್ಯತ್ಯಾಸ ಕಂಡಿತೇ? ಆಹಾರದ ಅಲರ್ಜಿ ಇದೆ, ಆದರೆ ಚಿಗಟದಷ್ಟು ಸಾಮಾನ್ಯವಲ್ಲ, ಮಳೆಗಾಲ ನೋಡಿಕೊಂಡು ಬರುವುದೂ ಇಲ್ಲ. ಅದನ್ನು ತಿಳಿಯುವ ದಾರಿ ಒಂದೇ: ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ, ಒಂದು ಧಾನ್ಯವನ್ನು ಮಾತ್ರ ಎಂಟು ವಾರ ಹಾಕುವುದು, ನಡುವೆ ಒಂದು ಬಿಸ್ಕತ್ತನ್ನೂ ಕೊಡದೆ. ಇದು ವೈದ್ಯರ ಜತೆ ಕೂತು ಮಾಡುವ ಕೆಲಸ. ಬರೀ ರೊಟ್ಟಿ ತಿನ್ನುವ ನಾಯಿಯಿಂದ ಹಾಲನ್ನೂ ಕಿತ್ತುಕೊಂಡರೆ ಚರ್ಮ ಮಾಯಲು ಬೇಕಾದ ಸತ್ವವೇ ಸಿಗುವುದಿಲ್ಲ. ಬೇಯಿಸಿದ ಮೊಟ್ಟೆ ಕೊಡಿ, ಅದು ಉಷ್ಣ ಎಂದು ಹೆದರಬೇಡಿ.

ಇನ್ನು ಹುಡುಗನ ವಿಷಯ. ಚಿಗಟದ ಅಲರ್ಜಿ ನಾಯಿಯಿಂದ ಮಗುವಿಗೆ ಹತ್ತುವ ರೋಗವಲ್ಲ. ಚಿಗಟ ಕಣಕಾಲಿಗೆ ಕಚ್ಚೀತು, ಅಷ್ಟೆ. ಆದರೆ ನಾಯಿಯ ಕಿವಿಯಂಚು, ಮೊಣಕೈ, ಹೊಟ್ಟೆಯ ಮೇಲೆ ಹಕ್ಕಳೆಗಟ್ಟಿ, ಮನೆಮಂದಿಗೂ ಕೈ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದರೆ ಅದು ಹುರುಕು, ಅದು ಹತ್ತುತ್ತದೆ. ಕೂದಲುದುರಿ ದುಂಡಗೆ ಮಚ್ಚೆಯಾದರೆ ಹುಳಕಡ್ಡಿ, ಅದೂ ಹತ್ತುತ್ತದೆ. ಎರಡಕ್ಕೂ ಮದ್ದಿದೆ, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಸಲ ತಿಳಿಯುತ್ತದೆ. ಚಿಗಟ ಪೂರ್ತಿ ಹೋದ ಮೇಲೂ ಪಂಜ, ಮುಖ, ಕಂಕುಳು ನೆಕ್ಕುತ್ತಲೇ ಇದ್ದರೆ ಧೂಳು, ಪರಾಗದ ಅಲರ್ಜಿ ಇರಬಹುದು. ಅದು ಜೀವನಪೂರ್ತಿ ನಿಭಾಯಿಸುವಂಥದ್ದು.

ಮೊದಲು ಲಕ್ಷ್ಮೇಶ್ವರದ ಪಶು ಆಸ್ಪತ್ರೆಗೆ ತೋರಿಸಿ. ಬಗೆಹರಿಯದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜಿದೆ. ಹಳೆ ಚೀಟಿಗಳನ್ನೆಲ್ಲ ಒಯ್ಯಿರಿ. ಅಲ್ಲಿಯವರೆಗೆ ಹುಡುಗ ನಾಯಿಯ ಹಾಸಿಗೆಯ ಮೇಲೆ ಮಲಗದಿರಲಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ. ಜಂತುಹುಳದ ಮಾತ್ರೆಯನ್ನೂ ಅದೇ ಹೊತ್ತಿಗೆ ಹಾಕಿಸಿ, ಚಿಗಟ ನುಂಗಿದ ನಾಯಿಗೆ ಲಾಡಿಹುಳ ಆಗಬಹುದು. ಹುಚ್ಚುನಾಯಿ ರೋಗದ ವಾರ್ಷಿಕ ಲಸಿಕೆ ತಪ್ಪಿದ್ದರೆ ಅದನ್ನೂ ಹಾಕಿಸಿಕೊಂಡು ಬನ್ನಿ.