ಇಪ್ಪತ್ತೊಂದು ದಿನಗಳ ಕಾವು

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿತ್ತಲಿನ ಕೋಳಿಗಳನ್ನು ಮನೆಯ ಹೆಂಗಸರ ಸ್ವಂತ ಗಂಟು ಎಂದು ಎಣಿಸುವುದುಂಟು. ಹೊಲದ ಫಸಲಿನ ಲೆಕ್ಕ ಗಂಡಸರ ಕೈಯಲ್ಲಿದ್ದರೂ ಕೋಳಿಯ ದುಡ್ಡಿನ ಲೆಕ್ಕವನ್ನು ಕೇಳುವವರು ಕಡಿಮೆ. ಮಗುವಿಗೆ ಔಷಧಿ, ಶಾಲೆಗೆ ಹೋಗುವವರಿಗೆ ಪುಸ್ತಕ, ತವರಿಗೆ ಹೋಗಿಬರುವ ಖರ್ಚು, ಇಂಥ ಎಷ್ಟೋ ಅಗತ್ಯಗಳು ಆ ಗಂಟಿನಿಂದಲೇ ನೆರವೇರುತ್ತವೆ.

ಅಂಥ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯೂ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವಳ ಮೊಮ್ಮಗಳೂ ಇದ್ದರು. ಹಿಂದಿನ ಬೇಸಗೆಯಲ್ಲಿ ಊರಿಗೆ ಕೊಕ್ಕರೆ ರೋಗ ಬಂದು ಅವರ 20 ಕೋಳಿಗಳಲ್ಲಿ 19 ಒಂದೇ ವಾರದಲ್ಲಿ ಸತ್ತಿದ್ದವು. ಉಳಿದದ್ದು ಒಂದೇ ಒಂದು ಕೆಂಪು ಹೇಂಟೆ. ಮಳೆಗಾಲ ಕಳೆದ ಮೇಲೆ ನೆರೆಮನೆಯವರು ಸಂತೆಯಿಂದ ಹುಂಜವನ್ನು ತಂದರು. ಕಾರ್ತಿಕದ ಹೊತ್ತಿಗೆ ಹೇಂಟೆ ಮತ್ತೆ ಮೊಟ್ಟೆಯಿಡತೊಡಗಿತು.

ಹದಿನಾಲ್ಕು ಮೊಟ್ಟೆಗಳನ್ನು ಇಟ್ಟ ಬಳಿಕ ಅದರ ನಡತೆಯೇ ಬದಲಾಯಿತು. ಅದು ಗೂಡನ್ನು ಬಿಟ್ಟು ಏಳದಾಯಿತು. ಹತ್ತಿರ ಹೋದರೆ ಗರಿಗಳನ್ನು ಕೆದರಿ, ಗೊರಗೊರ ಸದ್ದು ಮಾಡಿ ಕುಕ್ಕಲು ಬರುತ್ತಿತ್ತು. "ಕೋಳಿಗೆ ಕಾವು ಬಂದಿದೆ, ಮಗಾ. ಇನ್ನು ಕೂರಿಸಬೇಕು" ಎಂದಳು ಅಜ್ಜಿ.

ಕಾವು ಬರುವುದೆಂದರೇನು? ಕೋಳಿಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಆಗ ಮೊಟ್ಟೆಯಿಡುವುದು ನಿಲ್ಲುತ್ತದೆ, ಹಸಿವು ತಗ್ಗುತ್ತದೆ, ಎದೆಯ ಕೆಳಗಿನ ಗರಿಗಳು ಉದುರಿ, ಬರಿಯ ಚರ್ಮವು ಮೊಟ್ಟೆಗೆ ತಾಗುವಂತಾಗುತ್ತದೆ. ಮರಿ ಬೇಡವೆನ್ನುವವರು ಕಾವನ್ನು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಮುಳುಗಿಸುವುದುಂಟು. ಮೂಗಿಗೆ ಗರಿಯನ್ನು ಚುಚ್ಚುವುದೂ ಉಂಟು. ಇವು ಕ್ರೂರವಾದ ಕ್ರಮಗಳು. ಅಡಿಯಿಂದ ಗಾಳಿಯಾಡುವ ಪಂಜರದಲ್ಲಿ, ನೀರು ಮೇವುಗಳನ್ನು ಕೊಟ್ಟು ಕೆಲವು ದಿನ ಇರಿಸಿದರೆ ಕಾವು ತಾನಾಗಿಯೇ ಇಳಿಯುತ್ತದೆ.

ಅಜ್ಜಿ ಮೊದಲು ಇಟ್ಟ ಐದು ಮೊಟ್ಟೆಗಳನ್ನು ಆಗಲೇ ಅಡುಗೆಗೆ ಬಳಸಿದ್ದಳು. ಮೊಟ್ಟೆ ಹಳತಾದಷ್ಟೂ ಮರಿಯಾಗುವ ಸಂಭವ ಕಡಿಮೆ ಎಂಬುದನ್ನು ಅವಳು ಅನುಭವದಿಂದ ಬಲ್ಲವಳು. ಕೊನೆಯ ಒಂಬತ್ತನ್ನು ತಂಪಾದ ಮೂಲೆಯಲ್ಲಿ ಕಾಪಾಡಿದ್ದಳು. ಬಿದಿರಿನ ಬುಟ್ಟಿಯ ತಳಕ್ಕೆ ಒಲೆಯ ಬೂದಿಯನ್ನು ಹರಡಿ, ಮೇಲೆ ಒಣಹುಲ್ಲನ್ನು ಹಾಸಿ, ನಡುವೆ ತುಸು ತಗ್ಗು ಮಾಡಿದಳು. ಬೂದಿಯು ಹೇನುಗಳ ಕಾಟವನ್ನು ತಗ್ಗಿಸುತ್ತದೆ. ಬಿರುಕು ಬಿಟ್ಟ ಮೊಟ್ಟೆ ಇಲ್ಲವೆಂದು ನೋಡಿಕೊಂಡು, ಕತ್ತಲಾಗುವ ವೇಳೆಗೆ ಕೋಳಿಯನ್ನು ಕೂರಿಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರನ್ನೂ ಇಟ್ಟಳು. ಗುಡುಗಿನಿಂದ ಮೊಟ್ಟೆ ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಮೊಮ್ಮಗಳು ಹೇಳಿದಳು. "ಇದ್ದರೆ ನಷ್ಟವೇನು?" ಎಂದು ಅಜ್ಜಿ ನಕ್ಕಳು.

ಕೋಳಿಮೊಟ್ಟೆಗೆ ಬೇಕಾದ ಕಾವು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಬೇಕಾದ ಅವಧಿ 21 ದಿನ. ಹೇಂಟೆ ದಿನಕ್ಕೊಮ್ಮೆ ಮಾತ್ರ ಎದ್ದು, ಮೇವು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಿ ಬೇಗನೆ ಮರಳುತ್ತಿತ್ತು. ಕೊಕ್ಕಿನಿಂದ ಮೊಟ್ಟೆಗಳನ್ನು ಮತ್ತೆ ಮತ್ತೆ ತಿರುಗಿಸುತ್ತಿತ್ತು. ಹಾಗೆ ತಿರುಗಿಸದಿದ್ದರೆ ಒಳಗಿನ ಭ್ರೂಣವು ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯಬಹುದು. ಈ ವಿದ್ಯೆಯನ್ನು ಕೋಳಿಗೆ ಯಾರೂ ಕಲಿಸಿದ್ದಿಲ್ಲ.

ಏಳನೆಯ ರಾತ್ರಿ ಅಜ್ಜಿ ಕತ್ತಲೆಯ ಕೋಣೆಯಲ್ಲಿ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಎಂಟರಲ್ಲಿ ಜೇಡನ ಬಲೆಯಂತೆ ಕೆಂಪು ನರಗಳು ಹರಡಿದ್ದವು. ಒಂದು ಮಾತ್ರ ತಿಳಿಯಾಗಿತ್ತು. ಅದು ಮರಿಯಾಗುವಂಥದಲ್ಲವೆಂದು ಅದನ್ನು ತೆಗೆದಳು.

ಇಪ್ಪತ್ತನೆಯ ದಿನ ಚಿಪ್ಪಿನೊಳಗಿನಿಂದಲೇ ಚಿಂವ್ ಚಿಂವ್ ದನಿ ಕೇಳಿಸಿತು. ತಾಯಿ ಮೆಲ್ಲನೆ ಲೊಚಗುಟ್ಟಿ ಉತ್ತರ ಕೊಟ್ಟಿತು. ಮರುದಿನ ಮುಂಜಾನೆ ಒಂದು ಚಿಪ್ಪಿನಲ್ಲಿ ಸಣ್ಣ ತೂತು ಕಂಡಿತು. ಮಧ್ಯಾಹ್ನವಾದರೂ ಮರಿ ಹೊರಗೆ ಬಾರದಿರಲು ಮೊಮ್ಮಗಳು ಚಿಪ್ಪನ್ನು ಬಿಡಿಸಲು ಕೈಚಾಚಿದಳು. ಅಜ್ಜಿ ತಡೆದಳು. ಅವಳ ತಡೆಗೆ ಕಾರಣವಿತ್ತು. ಆ ವೇಳೆಯಲ್ಲಿ ಒಳಪೊರೆಯ ರಕ್ತನಾಳಗಳು ಇನ್ನೂ ಬತ್ತುತ್ತಿರುತ್ತವೆ. ಉಳಿದ ಹಳದಿ ಭಂಡಾರವು ಮರಿಯ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಅವಸರದ ಕರುಣೆ ಅಲ್ಲಿ ಕೊಲೆಯಾದೀತು. ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ಆಹಾರವಿಲ್ಲದೆ ಬದುಕಬಲ್ಲದು. ಮೊದಲು ಹುಟ್ಟಿದ ಮರಿಗಳು ಕಡೆಯವು ಹುಟ್ಟುವ ತನಕ ತಾಯಿಯ ರೆಕ್ಕೆಯಡಿಯಲ್ಲಿ ಕಾದಿರುವುದು ಇದರಿಂದಲೇ ಸಾಧ್ಯ.

ಏಳು ಮರಿಗಳು ಹುಟ್ಟಿದವು. ಒಂದು ಮೊಟ್ಟೆ ಕೆಟ್ಟುಹೋಯಿತು. ತಾಯಿ ಮರಿಗಳನ್ನು ಕರೆದುಕೊಂಡು ಹಿತ್ತಲಿಗೆ ಇಳಿಯಿತು. ಅಜ್ಜಿ ನುಚ್ಚನ್ನೂ ರಾಗಿಯನ್ನೂ ಚೆಲ್ಲಿದಳು. ಮೊಮ್ಮಗಳು ಗೆದ್ದಲನ್ನು ಹುಡುಕಿ ತಂದಳು. ಮರಿಗಳು ಮುಳುಗದಂತೆ ನೀರಿನ ತಟ್ಟೆಯಲ್ಲಿ ಕಲ್ಲುಗಳನ್ನಿಟ್ಟರು. ಕಾಳು ಕಂಡಾಗ ತಾಯಿ ಕರೆಯುವ ದನಿ ಬೇರೆ, ಹದ್ದು ಕಂಡಾಗ ಕೂಗುವ ದನಿ ಬೇರೆ. ಮೊದಲನೆಯದಕ್ಕೆ ಮರಿಗಳು ಓಡಿಬರುತ್ತಿದ್ದವು. ಎರಡನೆಯದಕ್ಕೆ ಪೊದೆಯಡಿ ಅಡಗುತ್ತಿದ್ದವು.

ಕಾವು ಕೊಡುವ ಯಂತ್ರಗಳು ಇಂದು ಲಕ್ಷಗಟ್ಟಲೆ ಮರಿಗಳನ್ನು ಮಾಡುತ್ತವೆ. ಈಜಿಪ್ಟಿನವರು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಒಲೆಗಳ ಕಾವಿನಲ್ಲಿ ಮರಿ ಮಾಡಿಸುತ್ತಿದ್ದರು. ವರ್ಷಕ್ಕೆ 300ರಷ್ಟು ಮೊಟ್ಟೆಯಿಡುವ ಫಾರಂ ಕೋಳಿಗಳಲ್ಲಿ ಕಾವು ಕೂರುವ ಗುಣವನ್ನೇ ತಲೆಮಾರುಗಳ ಆಯ್ಕೆಯಿಂದ ಕಳೆಯಲಾಗಿದೆ. ಬೆಂಗಳೂರಿನ ವಿಜ್ಞಾನಿಗಳು ಹಿತ್ತಲಿಗೆಂದು ರೂಪಿಸಿದ ಗಿರಿರಾಜ ಕೋಳಿಯ ಮೊಟ್ಟೆಗಳನ್ನೂ ಹಳ್ಳಿಗರು ಸಾಮಾನ್ಯವಾಗಿ ನಾಟಿ ಹೇಂಟೆಯ ಕೆಳಗೇ ಇಡುತ್ತಾರೆ. ಯಂತ್ರವಿಲ್ಲದ ಮನೆಗೆ ನಾಟಿ ಹೇಂಟೆಯೇ ಯಂತ್ರ. ಹೇಂಟೆ ಸತ್ತರೆ ಗಂಟಿನ ಜೊತೆಗೆ ಮುಂದಿನ ಪೀಳಿಗೆಯೂ ಹೋದಂತೆ.

ಈ ಚಿಂತೆ ಮೊಮ್ಮಗಳನ್ನು ಬಿಡಲಿಲ್ಲ. ತಾಯಿಯ ರೆಕ್ಕೆ ಚಳಿಯನ್ನು ತಡೆಯಬಲ್ಲದು, ಹದ್ದನ್ನು ಎದುರಿಸಬಲ್ಲದು. ಕೊಕ್ಕರೆ ರೋಗವನ್ನು ತಡೆಯಲಾರದು. ರಾಣಿಖೇತ್ ಎಂದೂ ಕರೆಯುವ ಆ ರೋಗ ವೈರಸ್ಸಿನಿಂದ ಬರುತ್ತದೆ. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಬರುವ ಮೊದಲು ಲಸಿಕೆಯುಂಟು. ಅವಳು ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿದಳು. ಮರಿಗಳಿಗೆ ಒಂದು ವಾರದೊಳಗೆ ಕಣ್ಣಿಗೆ ಒಂದು ಹನಿ. ಎಂಟು ವಾರ ತುಂಬಿದವಕ್ಕೆ ಚುಚ್ಚುಮದ್ದು. ಆದರೆ ಒಂದು ಸೀಸೆಯ ಲಸಿಕೆ 100 ಕೋಳಿಗಳಿಗೆ ಸಾಲುವಂಥದು. ತಂಪಿನಲ್ಲಿಟ್ಟ ಅದನ್ನು ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಬಳಸಬೇಕು. "ಏಳು ಮರಿಗಳಿಗಾಗಿ ಸೀಸೆ ಒಡೆಯುವುದು ಹೇಗಮ್ಮ? ಊರಿನವರನ್ನು ಕೂಡಿಸು, ನಾನೇ ಬರುತ್ತೇನೆ" ಎಂದರು ವೈದ್ಯರು.

ಹುಡುಗಿ ಶಾಲೆಯ ನೋಟ್‌ಬುಕ್ಕನ್ನು ಹಿಡಿದು ಮನೆಮನೆಗೆ ನಡೆದಳು. "ಸಾಯುವುದು ಸಾಯುತ್ತದೆ, ಉಳಿಯುವುದು ಉಳಿಯುತ್ತದೆ. ಅದಕ್ಕೇಕೆ ಮದ್ದು?" ಎಂದರು ಕೆಲವರು. ಅವಳು ವಾದಿಸದೆ ಹಿಂದಿನ ಬೇಸಗೆಯಲ್ಲಿ ನಿಮ್ಮಲ್ಲಿ ಎಷ್ಟು ಸತ್ತವೆಂದು ಕೇಳಿ, ಅವರ ಎದುರಿಗೇ ಬರೆದುಕೊಂಡಳು. ಬರೆದ ಅಂಕಿಯನ್ನು ಕಂಡು ಹಲವರು ಒಪ್ಪಿದರು. ಹನ್ನೊಂದು ಮನೆಗಳಿಂದ 43 ಮರಿಗಳೂ 58 ದೊಡ್ಡ ಕೋಳಿಗಳೂ ಪಟ್ಟಿಗೆ ಸೇರಿದವು. ಹುಂಜವನ್ನು ತಂದ ನೆರೆಮನೆಯವರು ಮಾತ್ರ ಒಪ್ಪಲಿಲ್ಲ. ಗೊತ್ತಾದ ದಿನ ಬೆಳಗಿನ ತಂಪಿನಲ್ಲಿ, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ, ಲಸಿಕೆಯ ಕೆಲಸ ಮುಗಿಯಿತು. ಮರಿಗಳಿಗೆ ಎಂಟು ವಾರ ತುಂಬಿದಾಗ ವೈದ್ಯರು ಮತ್ತೆ ಬಂದು ಅವಕ್ಕೂ ಚುಚ್ಚುಮದ್ದು ಹಾಕಿದರು.

ಏಳು ಮರಿಗಳಲ್ಲಿ ಒಂದನ್ನು ಹದ್ದು ಒಯ್ದಿತು. ಒಂದು ಬೆಕ್ಕಿನ ಪಾಲಾಯಿತು. ಐದು ಬೆಳೆದವು. ಮುಂದಿನ ಬೇಸಗೆಯಲ್ಲಿ ರೋಗ ಮತ್ತೆ ಬಂತು. ಪಟ್ಟಿಯಲ್ಲಿದ್ದ ಮನೆಗಳ ಕೋಳಿಗಳು ಬಹುಮಟ್ಟಿಗೆ ಉಳಿದವು. ನೆರೆಮನೆಯ ಗೂಡು ಬರಿದಾಯಿತು; ಹುಂಜವೂ ಹೋಯಿತು.

ಒಂದು ಸಂಜೆ ಅಜ್ಜಿ ಬೆಳೆದ ಹೇಂಟೆಗಳಲ್ಲಿ ಒಂದನ್ನು ಮೊಮ್ಮಗಳ ಕೈಗೆ ಕೊಟ್ಟು, "ಪಕ್ಕದ ಮನೆಗೆ ಪಾಲಿಗೆ ಕೊಟ್ಟು ಬಾ. ಅವರ ಹುಂಜ ಇಲ್ಲದಿದ್ದರೆ ನಮಗೆ ಮರಿಯೆಲ್ಲಿ ಬರುತ್ತಿತ್ತು?" ಎಂದಳು. ಕೋಳಿಯನ್ನು ಪಾಲಿಗೆ ಕೊಡುವುದೆಂದರೆ ಸಾಕುವವರಿಗೂ ಕೊಟ್ಟವರಿಗೂ ಮರಿಗಳಲ್ಲಿ ಸಮಪಾಲು ಎಂಬ ಹಳೆಯ ಒಪ್ಪಂದ.

ನೆರೆಮನೆಯಾಕೆ ಕೋಳಿಯನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಬಳಿಕ ಕೇಳಿದಳು: "ಮತ್ತೆ ಮದ್ದು ಹಾಕುವುದು ಯಾವತ್ತವ್ವ?"

ಹುಡುಗಿ ನೋಟ್‌ಬುಕ್ಕನ್ನು ತೆರೆದು ಹನ್ನೆರಡನೆಯ ಮನೆಯ ಹೆಸರನ್ನು ಬರೆದುಕೊಂಡಳು.