ಸ್ವಭಾವ, ಹವ್ಯಾಸ, ಹಂಬಲ

ಪ್ರೌಢಶಾಲೆಯ ಕೊನೆಯ ತರಗತಿಯ ಪಾಠಗಳು ಮುಗಿಯುತ್ತ ಬಂದಂತೆ ವಿದ್ಯಾರ್ಥಿಗಳ ಕೈಯಿಂದ ಕೈಗೆ ಒಂದು ಪುಸ್ತಕ ಓಡಾಡತೊಡಗುವುದು. ಕೆಲವರು ಅದನ್ನು ಆಟೋಗ್ರಾಫ್ ಎನ್ನುವರು. ಕೆಲವರು ಸ್ಲ್ಯಾಮ್ ಬುಕ್ ಎನ್ನುವರು. ಮೈಸೂರಿನ ದಕ್ಷಿಣಕ್ಕೆ, ಚಾಮುಂಡಿ ಬೆಟ್ಟವು ಕಣ್ಣೆದುರಿಗೇ ನಿಂತಿರುವ ವಿದ್ಯಾರಣ್ಯಪುರಂ ಬಡಾವಣೆಯ ಮಕ್ಕಳಲ್ಲಿಯೂ ಈ ಪದ್ಧತಿ ಉಂಟು. ಪುಟದ ಮೇಲೆ ಹೆಸರು, ಅದರ ಕೆಳಗೆ ಮೂರು ಅಂಕಣಗಳು: ನಿನ್ನ ಸ್ವಭಾವವೇನು, ಹವ್ಯಾಸವೇನು, ಮುಂದೆ ಏನಾಗಬೇಕೆಂದು ನಿನ್ನ ಹಂಬಲ? ಹಿರಿಯರು ಇದನ್ನು ಮಕ್ಕಳಾಟವೆಂದು ನೋಡಿ ನಗುವರು. ಭೌತವಿಜ್ಞಾನವನ್ನು ಬೋಧಿಸುವ ನಮಗಾದರೋ ಈ ಪುಟಗಳು ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಕಾಣುವುವು. ಯಾವುದಾದರೂ ಅಳತೆಯನ್ನು ಬರೆದು ತಂದು ತೋರಿಸಿದ ವಿದ್ಯಾರ್ಥಿಯನ್ನು ನಾವು ಮೊದಲು ಕೇಳುವ ಪ್ರಶ್ನೆಗಳು ಎರಡು. ಏತರಿಂದ ಅಳೆದೆ? ಎಷ್ಟು ಸಲ ಅಳೆದೆ?

ಈ ಪ್ರಶ್ನೆಗಳು ಇಲ್ಲಿಯೂ ಸಲ್ಲುವುವು. ಏಕೆಂದರೆ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ಹದಿನೈದು ಹದಿನಾರು ವರ್ಷದ ಹುಡುಗನೋ ಹುಡುಗಿಯೋ ವಿಜ್ಞಾನ, ವಾಣಿಜ್ಯ, ಕಲೆ, ಪಾಲಿಟೆಕ್ನಿಕ್ ಎಂಬ ದಾರಿಗಳಲ್ಲಿ ಒಂದನ್ನು ಹಿಡಿಯಬೇಕಾಗುವುದು. ಹಿಡಿದ ದಾರಿಯಿಂದ ಹಿಂದಿರುಗುವುದಕ್ಕೆ ಒಂದೆರಡು ವರ್ಷಗಳು ವ್ಯರ್ಥವಾಗಬಹುದು. ತಂದೆತಾಯಿಗಳು ಕೂಡಿಟ್ಟ ಹಣವೂ ಅದರ ಜೊತೆಗೆ ಹೋಗಬಹುದು. ಹೀಗಿರುವಲ್ಲಿ ಆ ಮೂರು ಅಂಕಣಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲು ಹಂಬಲದ ಅಂಕಣವನ್ನು ತೆಗೆದುಕೊಳ್ಳೋಣ. ಇಂತಹ ಪುಸ್ತಕಗಳನ್ನು ತಿರುವಿಹಾಕಿದ ಯಾರಿಗೂ ತಿಳಿದಿರುವಂತೆ ಇಲ್ಲಿ ಬರುವ ಉತ್ತರಗಳು ಬಹಳ ಕಡಿಮೆ. ಡಾಕ್ಟರು, ಇಂಜಿನಿಯರು, ಐ.ಎ.ಎಸ್. ಅಧಿಕಾರಿ, ಅಪರೂಪಕ್ಕೊಬ್ಬ ಕ್ರಿಕೆಟ್ ಆಟಗಾರ. ಇದು ನಮ್ಮ ಮಕ್ಕಳ ದೋಷವೆಂದು ತಿಳಿಯಬೇಕಾಗಿಲ್ಲ. ೨೦೧೮ರಲ್ಲಿ ನಡೆದ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು, ಮೂವತ್ತನೆಯ ವಯಸ್ಸಿಗೆ ನೀವು ಯಾವ ಉದ್ಯೋಗದಲ್ಲಿರುವಿರಿ ಎಂದು ಕೇಳಲಾಯಿತು. ನಲವತ್ತೊಂದು ದೇಶಗಳ ಉತ್ತರಗಳನ್ನು ಕೂಡಿಸಿ ನೋಡಿದಾಗ ಹುಡುಗರಲ್ಲಿ ಶೇಕಡ ೪೭ ಮಂದಿ, ಹುಡುಗಿಯರಲ್ಲಿ ಶೇಕಡ ೫೩ ಮಂದಿ ಕೇವಲ ಹತ್ತು ಉದ್ಯೋಗಗಳ ಹೆಸರುಗಳನ್ನೇ ಹೇಳಿದ್ದರು. ಭಾರತವು ಆ ಸಲದ ಪರೀಕ್ಷೆಯಲ್ಲಿ ಭಾಗವಹಿಸಿರಲಿಲ್ಲ. ಭಾಗವಹಿಸಿದ್ದರೆ ಫಲಿತಾಂಶವು ಬಹಳ ಬೇರೆಯಾಗುತ್ತಿತ್ತೆಂದು ನಮಗೆ ತೋರುವುದಿಲ್ಲ. ಹುಡುಗನು ತಾನು ಕಂಡ ಮತ್ತು ಕೇಳಿದ ಉದ್ಯೋಗಗಳನ್ನು ಮಾತ್ರ ಬಯಸಬಲ್ಲನು. ಆದುದರಿಂದ ಈ ಅಂಕಣವು ಬರೆದವನ ಮನಸ್ಸಿಗಿಂತ ಹೆಚ್ಚಾಗಿ ಅವನ ಮನೆಯ, ಬೀದಿಯ, ಬಂಧುಬಳಗದ ಮಾತುಕತೆಯನ್ನು ಅಳೆಯುತ್ತದೆ.

ಸ್ವಭಾವದ ಅಂಕಣವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ‘ಸಂಕೋಚ ಹೆಚ್ಚು’, ‘ಮುಂಗೋಪಿ’, ‘ಎಲ್ಲರೊಡನೆ ಬೆರೆಯುವವಳು’ ಎಂದು ಬರೆದದ್ದು ಅಂದಿಗೆ ನಿಜವೇ ಇರಬಹುದು. ಆದರೆ ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಪ್ರಾಯದಲ್ಲಿ ಸ್ವಭಾವವು ಇನ್ನೂ ಬದಲಾಗುತ್ತಲೇ ಇರುವುದೆಂದು ಮನೋವಿಜ್ಞಾನಿಗಳು ಹೇಳುವರು. ಕಾಯುತ್ತಿರುವ ನೀರಿನ ಉಷ್ಣತೆಯನ್ನು ಒಂದೇ ಸಲ ನೋಡಿ ಅದೇ ಅದರ ಉಷ್ಣತೆಯೆಂದು ಯಾರೂ ಗುರುತುಹಾಕಿಕೊಳ್ಳುವುದಿಲ್ಲವಷ್ಟೆ. ಸಂಕೋಚದ ಹುಡುಗಿ ವಕೀಲಳಾಗಲಾರಳೆಂದು ಹದಿನಾರನೆಯ ವಯಸ್ಸಿನಲ್ಲಿಯೇ ತೀರ್ಮಾನಿಸುವ ಹಿರಿಯರು ಇದನ್ನು ಗಮನಿಸಬೇಕು.

ಇನ್ನು ಉಳಿದದ್ದು ಹವ್ಯಾಸ. ಎಲ್ಲರೂ ಹಗುರವಾಗಿ ಕಾಣುವ ಅಂಕಣ ಇದೇ. ವಿಚಿತ್ರವೆಂದರೆ, ಮೂರರಲ್ಲಿ ಹೆಚ್ಚು ಗಟ್ಟಿಯಾದ ವಿಷಯವಿರುವುದೂ ಇದರಲ್ಲಿಯೇ. ಇದನ್ನು ಮೊದಲಿಗೆ ವ್ಯವಸ್ಥಿತವಾಗಿ ತೋರಿಸಿಕೊಟ್ಟವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಸ್ಟ್ರಾಂಗ್ ಎಂಬ ಮನೋವಿಜ್ಞಾನಿ ಪ್ರಮುಖನು. ಅವನು ೧೯೨೭ರಲ್ಲಿ ಸುಮಾರು ನಾನೂರು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದನು. ಇಂತಹ ಕೆಲಸ, ಇಂತಹ ಆಟ, ಇಂತಹ ಪಾಠ, ಇಂತಹ ಜನ ನಿನಗೆ ಇಷ್ಟವೇ, ಇಷ್ಟವಿಲ್ಲವೇ, ಎರಡೂ ಅಲ್ಲವೇ ಎಂಬುದಷ್ಟೇ ಪ್ರಶ್ನೆ. ಏನಾಗಬೇಕೆಂದಿರುವೆ ಎಂದು ಕೇಳಿ ಆ ಉತ್ತರದಿಂದ ಅವನು ತೀರ್ಮಾನಕ್ಕೆ ಬರಲಿಲ್ಲ. ಅದೇ ಪಟ್ಟಿಯನ್ನು ಆಯಾ ವೃತ್ತಿಗಳಲ್ಲಿ ನೆಲೆನಿಂತವರಿಗೂ ಕೊಟ್ಟು, ಅವರ ಇಷ್ಟಾನಿಷ್ಟಗಳು ಸಾಮಾನ್ಯ ಜನರ ಇಷ್ಟಾನಿಷ್ಟಗಳಿಂದ ಎಲ್ಲೆಲ್ಲಿ ಬೇರೆಯಾಗುವುವೆಂದು ಗುರುತಿಸಿಕೊಂಡನು. ವಿದ್ಯಾರ್ಥಿಯ ಉತ್ತರಗಳು ಯಾರ ಉತ್ತರಗಳಿಗೆ ಹೆಚ್ಚು ಹೋಲುವುವೆಂದು ಲೆಕ್ಕಹಾಕುವುದು ಆಮೇಲಿನ ಕೆಲಸ. ಕಾಲೇಜಿನಲ್ಲಿ ಉತ್ತರ ಬರೆದವರನ್ನು ಹದಿನೆಂಟು ವರ್ಷಗಳ ತರುವಾಯ ಮತ್ತೆ ಹುಡುಕಿ ನೋಡಿದಾಗ, ಅವರು ಸೇರಿದ್ದ ವೃತ್ತಿಗಳಿಗೂ ಹಿಂದಿನ ಅಂಕಗಳಿಗೂ ಗಣನೀಯವಾದ ಹೊಂದಿಕೆ ಇದ್ದಿತು. ಈ ಪರಿಶೀಲನೆಯನ್ನು ಅವನು ೧೯೫೫ರಲ್ಲಿ ಪ್ರಕಟಿಸಿದನು. ೨೦೦೫ರಲ್ಲಿ ಇಂತಹ ಅನೇಕ ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಆಸಕ್ತಿಗಳು ಸ್ವಭಾವದ ಗುಣಗಳಿಗಿಂತ ಹೆಚ್ಚು ಸ್ಥಿರವೆಂದೇ ಕಂಡುಬಂದಿತು; ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ಅವು ಇನ್ನೂ ಗಟ್ಟಿಯಾಗುವುವಂತೆ.

ಒಂದು ಎಚ್ಚರಿಕೆ ಅಗತ್ಯ. ಇಂತಹ ಪಟ್ಟಿಯು ಅಳೆಯುವುದು ಆಸಕ್ತಿಯನ್ನು, ಸಾಮರ್ಥ್ಯವನ್ನಲ್ಲ. ಇನ್ನೊಂದು ಮಾತೂ ಉಂಟು. ಮೊದಲ ಪಟ್ಟಿಯು ಗಂಡಸರಿಗೆ ಮಾತ್ರವಾಗಿತ್ತು. ಹೆಂಗಸರಿಗಾಗಿ ೧೯೩೩ರಲ್ಲಿ ಬೇರೊಂದು ಪಟ್ಟಿ ಬಂದಿತು. ಎರಡೂ ಒಂದಾದದ್ದು ೧೯೭೪ರಲ್ಲಿ. ಅಳೆಯುವ ಕೋಲಿನಲ್ಲಿಯೇ ಇಲ್ಲದ ಗುರುತು ಅಳತೆಯಲ್ಲಿ ಬರುವುದಾದರೂ ಹೇಗೆ?

ನಮ್ಮ ಹುಡುಗರು ಹವ್ಯಾಸದ ಅಂಕಣದಲ್ಲಿ ಬರೆಯುವುದು ಸಾಮಾನ್ಯವಾಗಿ ಒಂದೊಂದು ಹೆಸರುಪದ: ಕ್ರಿಕೆಟ್, ಸಂಗೀತ, ಚಿತ್ರ ಬಿಡಿಸುವುದು. ಇದು ಅಳತೆಯಲ್ಲ. ಉದ್ದ ಎಷ್ಟೆಂದು ಕೇಳಿದರೆ ‘ಉದ್ದವಾಗಿದೆ’ ಎಂದು ಹೇಳಿದಂತಾಯಿತು. ಆದುದರಿಂದ ನಾವು ಸೂಚಿಸುವ ಪ್ರಯೋಗ ಇದು. ಮೂವತ್ತು ದಿನಗಳ ಕಾಲ, ರಾತ್ರಿ ಮಲಗುವ ಮುನ್ನ, ಯಾರ ಒತ್ತಾಯವೂ ಇಲ್ಲದೆ ಅಂದು ಮಾಡಿದ ಕೆಲಸವನ್ನೂ ಅದಕ್ಕೆ ಹಿಡಿದ ನಿಮಿಷಗಳನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಒಬ್ಬನು ದಿನಕ್ಕೆ ೨೦ ನಿಮಿಷದಂತೆ ಮೂವತ್ತು ದಿನವೂ ಕೊಳಲು ನುಡಿಸಿದನೆನ್ನೋಣ. ಇನ್ನೊಬ್ಬನು ಎರಡೇ ದಿನ, ದಿನಕ್ಕೆ ೩೦೦ ನಿಮಿಷದಂತೆ, ಹಳೆಯ ರೇಡಿಯೋವನ್ನು ಬಿಚ್ಚಿ ಜೋಡಿಸುತ್ತ ಕುಳಿತನು. ಉಳಿದ ದಿನಗಳಲ್ಲಿ ಅದನ್ನು ಮುಟ್ಟಲಿಲ್ಲ. ಇಬ್ಬರ ಮೊತ್ತವೂ ೬೦೦ ನಿಮಿಷ, ಇಬ್ಬರ ಸರಾಸರಿಯೂ ದಿನಕ್ಕೆ ೨೦ ನಿಮಿಷ. ಆದರೆ ಸರಾಸರಿಯಿಂದ ಚದುರುವಿಕೆಯನ್ನು ಲೆಕ್ಕಹಾಕಿದರೆ ಮೊದಲನೆಯವನದು ಸೊನ್ನೆ; ಎರಡನೆಯವನದು ಸುಮಾರು ೭೫ ನಿಮಿಷ. (ಪ್ರತಿದಿನದ ವ್ಯತ್ಯಾಸವನ್ನು ವರ್ಗಮಾಡಿ, ಸರಾಸರಿ ತೆಗೆದು, ವರ್ಗಮೂಲವನ್ನು ಕಂಡುಹಿಡಿದರೆ ಈ ಸಂಖ್ಯೆ ಬರುವುದು, ವಾಚಕರು ಮಾಡಿ ನೋಡಬಹುದು.) ಇವರಲ್ಲಿ ಯಾರ ಹವ್ಯಾಸ ದೊಡ್ಡದು? ಆತುರದಿಂದ ಕೊಳಲಿನವನಿಗೆ ಬಹುಮಾನ ಕೊಡಬೇಡಿ. ಐದು ಗಂಟೆಗಳ ಕಾಲ ಊಟವನ್ನು ಮರೆತು ಕುಳಿತವನ ಪುಸ್ತಕದಲ್ಲಿ ಮುಂದಿನ ತಿಂಗಳು ಏನು ಬರೆದಿರುವುದೆಂದು ಕಾದು ನೋಡಬೇಕು.

ನಿಮಿಷಗಳಿಗಿಂತ ಉತ್ತಮವಾದ ಒಂದು ಗುರುತು ಉಂಟು: ಆ ಕೆಲಸವು ಪ್ರಶ್ನೆಗಳನ್ನು ಹುಟ್ಟಿಸುತ್ತದೆಯೇ? ವಿದ್ಯಾರಣ್ಯಪುರಂನ ಸುತ್ತಮುತ್ತಲಿನಿಂದಲೇ ಉದಾಹರಣೆ ಕೊಡುವೆವು. ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳ ಮೂಲಕ ಹತ್ತುವುದು ಇಲ್ಲಿಯ ಹಲವು ಹುಡುಗರ ರಜಾದಿನದ ಅಭ್ಯಾಸ. ಕೆಲವು ಮೊಬೈಲ್ ಫೋನುಗಳಲ್ಲಿ ವಾಯುಭಾರಮಾಪಕವೂ ಇರುತ್ತದೆ. ಮನೆಯಲ್ಲಿ ಒಂದು, ದೊಡ್ಡ ನಂದಿಯ ಬಳಿ ಒಂದು, ತುದಿಯಲ್ಲಿ ಒಂದು, ಹೀಗೆ ಅಂಕಗಳನ್ನು ಬರೆದುಕೊಂಡರೆ ಎತ್ತರ ಹೆಚ್ಚಿದಂತೆ ಒತ್ತಡ ಇಳಿಯುವುದು ಕಾಣುವುದು. ಬೆಟ್ಟದ ತುದಿಗೂ ನಗರಕ್ಕೂ ಸುಮಾರು ೩೦೦ ಮೀಟರ್ ಅಂತರವಿದೆ. ಒತ್ತಡದ ಇಳಿತ ಸುಮಾರು ೩೦ ಹೆಕ್ಟೊಪ್ಯಾಸ್ಕಲ್, ಎಂದರೆ ಹತ್ತು ಮೀಟರಿಗೆ ಒಂದರಂತೆ. ಮೈಸೂರಿನಲ್ಲಿ ನೀರು ಸುಮಾರು ೯೭.೫ ಡಿಗ್ರಿಯಲ್ಲಿಯೇ ಕುದಿಯುವುದೂ, ಬೆಟ್ಟದ ಮೇಲೆ ಇನ್ನೊಂದು ಡಿಗ್ರಿ ಕಡಿಮೆಗೆ ಕುದಿಯುವುದೂ ಇದೇ ಕಾರಣದಿಂದ.

ಇಲ್ಲಿಯವರೆಗೆ ಪಠ್ಯಪುಸ್ತಕದ ಮಾತು. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಮನೆಯಲ್ಲಿ ಅಂಕವನ್ನು ನೋಡಿ, ಬೆಟ್ಟ ಹತ್ತಿಳಿದು, ಸಂಜೆ ನಾಲ್ಕಕ್ಕೆ ಮತ್ತೆ ಅದೇ ಜಾಗದಲ್ಲಿ ನೋಡಿದವನಿಗೆ ಮನೆಯ ಅಂಕವೇ ಎರಡು ಮೂರು ಹೆಕ್ಟೊಪ್ಯಾಸ್ಕಲ್ ಇಳಿದಿರುವುದು ಕಾಣುವುದು. ಮನೆಯೇನು ಇಪ್ಪತ್ತು ಮೂವತ್ತು ಮೀಟರ್ ಮೇಲಕ್ಕೆ ಏರಿತೇ? ಫೋನು ಕೆಟ್ಟಿದೆಯೆಂದು ಸುಮ್ಮನಾಗುವ ಹುಡುಗನುಂಟು. ಮರುದಿನ ಗಂಟೆಗೊಂದರಂತೆ ಅಂಕಗಳನ್ನು ಬರೆದು, ಒತ್ತಡವು ಹತ್ತರ ಸುಮಾರಿಗೆ ಏರಿ ನಾಲ್ಕರ ಸುಮಾರಿಗೆ ಇಳಿಯುವುದನ್ನೂ, ರಾತ್ರಿ ಮತ್ತೆ ಹಾಗೆಯೇ ಏರಿಳಿಯುವುದನ್ನೂ ಕಾಣುವ ಹುಡುಗನುಂಟು. ಸೂರ್ಯನ ಶಾಖದಿಂದ ವಾಯುಮಂಡಲದಲ್ಲಿ ಉಂಟಾಗುವ ಈ ಉಬ್ಬರವಿಳಿತವು ಉಷ್ಣವಲಯದಲ್ಲಿ ಬಹು ಸ್ಪಷ್ಟ. ಎರಡನೆಯ ಹುಡುಗನು ಹಂಬಲದ ಅಂಕಣದಲ್ಲಿ ಏನನ್ನೇ ಬರೆದಿರಲಿ, ಅವನನ್ನು ನಮ್ಮ ಪ್ರಯೋಗಶಾಲೆಗೆ ಕಳುಹಿಸಿಕೊಡಿ ಎನ್ನುವೆವು!

ಎಲ್ಲ ಹವ್ಯಾಸವೂ ಇಷ್ಟು ಸುಂದರವಾದ ಸ್ಥಳದಲ್ಲಿ ಹುಟ್ಟಬೇಕೆಂದಿಲ್ಲ. ಇದೇ ಬಡಾವಣೆಯ ಸೂಯೇಜ್ ಫಾರಂಗೆ ನಗರದ ಕಸವು ಬಹುಕಾಲ ಬಂದು ಬಿದ್ದಿದೆ. ಅದರ ದುರ್ವಾಸನೆಯ ವಿಷಯವಾಗಿ ನಿವಾಸಿಗಳು ದೂರಿಕೊಂಡದ್ದೂ ಎಲ್ಲರಿಗೂ ತಿಳಿದ ಸಂಗತಿ. ಇಂತಹ ಸ್ಥಳದ ಸಮೀಪದಲ್ಲಿರುವ ಹುಡುಗಿಯೊಬ್ಬಳು ವಾಸನೆ ಬಂದ ದಿನ, ಹೊತ್ತು, ಗಾಳಿಯ ದಿಕ್ಕು ಇವನ್ನು ಗುರುತಿಟ್ಟರೆ, ಹೊತ್ತೇರಿದ ಮೇಲಿಗಿಂತ ರಾತ್ರಿ ಮತ್ತು ನಸುಕಿನಲ್ಲಿ ಅದು ಹೆಚ್ಚೇ ಎಂಬುದನ್ನು ಪರೀಕ್ಷಿಸಬಹುದು. ಹಗಲು ಬಿಸಿಯಾದ ನೆಲವು ಗಾಳಿಯನ್ನು ಮೇಲಕ್ಕೆ ಕಲಕಿ ವಾಸನೆಯನ್ನು ಚದುರಿಸುವುದು. ರಾತ್ರಿ ನೆಲದ ಬಳಿಯ ಗಾಳಿ ತಣಿದು ಭಾರವಾಗಿ ಅಲ್ಲಿಯೇ ನಿಲ್ಲುವುದು. ಅವಳ ಪುಸ್ತಕವು ದೂರಿನ ಅರ್ಜಿಗೂ ಆಧಾರವಾದೀತು. ರಂಗೋಲಿ ಹಾಕುವವಳ ಚುಕ್ಕೆಗಳಲ್ಲಿ ಎಣಿಕೆ, ಸಮಮಿತಿ ಎಲ್ಲವೂ ಇವೆ. ಅದನ್ನು ಗಣಿತವೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಹವ್ಯಾಸವೇ ಬಾಳಾದವರ ಉದಾಹರಣೆಗಳಿಗೆ ಕೊರತೆಯಿಲ್ಲ. ಸಿ. ವಿ. ರಾಮನ್ ಅವರು ೧೯೦೭ರಲ್ಲಿ ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಯನ್ನು. ಕಲ್ಕತ್ತೆಯಲ್ಲಿ ಕಚೇರಿಯ ಮುಂಚೆ ಮತ್ತು ಕಚೇರಿಯ ತರುವಾಯದ ಗಂಟೆಗಳಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ೧೯೧೭ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾದರು. ತಮ್ಮ ಸಂಗೀತಪ್ರೀತಿಯನ್ನೂ ಅವರು ಪ್ರಯೋಗಶಾಲೆಯ ಹೊರಗೆ ಬಿಟ್ಟುಬರಲಿಲ್ಲ. ಸಾಮಾನ್ಯ ಡೋಲಿನ ಮೇಲುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ಕಪ್ಪು ಕರಣೆಯ ಭಾರದಿಂದ ಅವು ತಂತಿವಾದ್ಯದ ಸ್ವರಗಳಂತೆ ಪೂರ್ಣಾಂಕಗಳ ಪ್ರಮಾಣಕ್ಕೆ ಬರುವುವು. ಇದನ್ನು ೧೯೨೦ರಲ್ಲಿ ಅವರು ಸಹೋದ್ಯೋಗಿಯೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಿಗೆ ನೊಬೆಲ್ ಬಹುಮಾನ ಬಂದದ್ದು ೧೯೩೦ರಲ್ಲಿ.

ಮೈಸೂರಿನಲ್ಲಿಯೇ ಪ್ರೌಢಶಾಲೆಯನ್ನು ಮುಗಿಸಿದ ಆರ್. ಕೆ. ನಾರಾಯಣ್ ಅವರದು ಬೇರೆ ಬಗೆ. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾದರು, ತಂದೆಯಾದರೋ ಮುಖ್ಯೋಪಾಧ್ಯಾಯರು! ಆ ಒಂದು ವರ್ಷವನ್ನು ಅವರು ಕಳೆದದ್ದು ಓದುತ್ತ, ಬರೆಯುತ್ತ, ಕುಕ್ಕರಹಳ್ಳಿ ಕೆರೆಯ ದಡದಲ್ಲಿ. ೧೯೩೦ರಲ್ಲಿ ಬಿ.ಎ. ಮುಗಿಯಿತು, ‘ಸ್ವಾಮಿ ಅಂಡ್ ಫ್ರೆಂಡ್ಸ್’ ೧೯೩೫ರಲ್ಲಿ ಹೊರಬಂದಿತು. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರಿನಲ್ಲಿ ಓದಿ ಕಳೆದ ರಾಜಾ ರಾಮಣ್ಣ ಅವರು ಪರಮಾಣು ವಿಜ್ಞಾನಿಯಾದ ಮೇಲೂ ಪಿಯಾನೋವನ್ನು ಬಿಡಲಿಲ್ಲ. ಹವ್ಯಾಸವು ವೃತ್ತಿಯಾಗಲೇಬೇಕೆಂಬ ನಿಯಮವೇನೂ ಇಲ್ಲ.

ಆದರೆ ಇಂತಹ ಕಥೆಗಳನ್ನು ಓದುವಾಗ ಒಂದು ದೋಷದಿಂದ ಪಾರಾಗಬೇಕು. ಹವ್ಯಾಸವನ್ನು ಹಿಡಿದು ಹೆಸರಾದವರ ಚರಿತ್ರೆ ಅಚ್ಚಾಗುತ್ತದೆ. ಹಾಗೆಯೇ ಹಿಡಿದು ಎಲ್ಲಿಯೂ ಸೇರದವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಕೆರೆಯಲ್ಲಿ ದೊಡ್ಡ ಕಣ್ಣಿನ ಬಲೆಯನ್ನು ಬೀಸಿ, ಈ ಕೆರೆಯಲ್ಲಿ ಸಣ್ಣ ಮೀನೇ ಇಲ್ಲವೆಂದು ಹೇಳಿದಂತೆ ಆದೀತು. ಸ್ಟ್ರಾಂಗನು ಮಾಡಿದಂತೆ ಎಲ್ಲರನ್ನೂ ಹಿಂಬಾಲಿಸಿ ಎಣಿಸಿದ ಲೆಕ್ಕದ ಬೆಲೆ ಇರುವುದು ಇಲ್ಲಿಯೇ. ಮಗನ ಕ್ರಿಕೆಟ್ ಹುಚ್ಚನ್ನು ಕಂಡು ಹೆದರುವ ತಂದೆಯ ಭಯ ಸಕಾರಣವಾದದ್ದು. ಅವರಿಗೆ ಮಹಾಪುರುಷರ ಕಥೆ ಹೇಳಿದರೆ ಪ್ರಯೋಜನವಿಲ್ಲ. ಮೂವತ್ತು ದಿನಗಳ ಪುಸ್ತಕವನ್ನು ತೋರಿಸಿದರೆ ಮಾತುಕತೆಗೆ ಆಧಾರವೊಂದು ಸಿಗುವುದು.

ಪುಸ್ತಕದಿಂದ ಉತ್ತರ ಸ್ಪಷ್ಟವಾಗಿ ಹೊರಡದಿದ್ದರೆ ಬಾಗಿಲುಗಳನ್ನು ತೆರೆದಿಡುವ ದಾರಿಯನ್ನು ಆರಿಸುವುದು ಲೇಸು. ವಿಜ್ಞಾನದಲ್ಲಿ ಗಣಿತವನ್ನು ಬಿಟ್ಟರೆ ಇಂಜಿನಿಯರಿಂಗ್ ಮುಚ್ಚುವುದು. ಜೀವವಿಜ್ಞಾನವನ್ನು ಬಿಟ್ಟರೆ ವೈದ್ಯಕೀಯ ಮುಚ್ಚುವುದು. ವಿಜ್ಞಾನದಿಂದ ಕಲೆ ವಾಣಿಜ್ಯಗಳಿಗೆ ಹೋಗುವುದು ಸಾಮಾನ್ಯವಾಗಿ ಸಾಧ್ಯ. ಆ ಕಡೆಯಿಂದ ಈ ಕಡೆಗೆ ಬರುವುದು ಬಹು ಕಷ್ಟ. ಕೈಕೆಲಸದಲ್ಲಿ ಮನಸ್ಸಿರುವವನು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ಅವಕಾಶವೂ ಉಂಟು. ಇದನ್ನು ಕೀಳೆಂದು ಭಾವಿಸುವುದು ಬರಿಯ ಅಜ್ಞಾನ.

ಹಂಬಲದ ಅಂಕಣ ಬಡವಾಗಿರುವುದಕ್ಕೆ ಮದ್ದು ಊರಿನಲ್ಲಿಯೇ ಇದೆ. ೧೯೫೦ರಿಂದ ಆಹಾರ ಸಂಶೋಧನಾಲಯ, ೧೯೬೧ರಿಂದ ಸೈನಿಕರ ಆಹಾರವನ್ನು ಕುರಿತ ಸಂಶೋಧನಾಲಯ, ೧೯೬೩ರಿಂದ ಅಧ್ಯಾಪಕರನ್ನು ತಯಾರುಮಾಡುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ೧೯೬೫ರಿಂದ ವಾಕ್ ಶ್ರವಣ ಸಂಸ್ಥೆ, ೧೯೬೯ರಿಂದ ಭಾರತೀಯ ಭಾಷಾ ಸಂಸ್ಥಾನ ಇವೆಲ್ಲ ಮೈಸೂರಿನಲ್ಲಿವೆ. ಅವುಗಳೊಳಗೆ ನಡೆಯುವ ಕೆಲಸಗಳ ಹೆಸರುಗಳು ಆಟೋಗ್ರಾಫ್ ಪುಸ್ತಕಗಳಲ್ಲಿ ಕಾಣುವುದು ಅಪರೂಪ. ಕಿವುಡು ಮಗುವಿನ ಶ್ರವಣಶಕ್ತಿಯನ್ನು ಅಳೆಯುವುದು ಒಂದು ವೃತ್ತಿಯೆಂದು ತಿಳಿಯದ ಹುಡುಗಿ ಅದನ್ನು ಬಯಸುವುದೆಂತು? ಶಾಲೆಯವರು ಮುಂಚಿತವಾಗಿ ಅನುಮತಿ ಪಡೆದು ಇವುಗಳಲ್ಲಿ ಒಂದೆರಡನ್ನಾದರೂ ಮಕ್ಕಳಿಗೆ ತೋರಿಸಿದರೆ ಮುಂದಿನ ವರ್ಷದ ಪುಸ್ತಕದಲ್ಲಿ ಆ ಅಂಕಣವು ಸ್ವಲ್ಪವಾದರೂ ಬದಲಾಗುವುದು.

ಪರೀಕ್ಷೆಯ ಕೊನೆಯ ದಿನಕ್ಕೂ ಕಾಲೇಜಿನ ಅರ್ಜಿ ತುಂಬುವ ದಿನಕ್ಕೂ ನಡುವೆ ಒಂದು ತಿಂಗಳಿಗೆ ಕಡಿಮೆಯಿಲ್ಲದ ಬಿಡುವು ಸಾಮಾನ್ಯವಾಗಿ ದೊರೆಯುವುದು. ಮೂವತ್ತು ದಿನಗಳ ಪ್ರಯೋಗಕ್ಕೆ ಅಷ್ಟು ಸಾಕು. ಕೊನೆಯ ಪರೀಕ್ಷೆ ಮುಗಿದ ದಿನದ ರಾತ್ರಿಯೇ ಮೊದಲ ಪುಟಕ್ಕೆ ದಿನಾಂಕವನ್ನು ಹಾಕಿ. ಒಂದು ನಿಮಿಷವೂ ಇಲ್ಲದ ದಿನ ಸೊನ್ನೆಯನ್ನೇ ಬರೆಯಿರಿ. ಹಿಂದಿನ ದಿನದ ಅಂಕವನ್ನು ಮರುದಿನ ನೆನಪಿನಿಂದ ತುಂಬಬೇಡಿ.